ಚಮಚದ ಚಿಪ್ಪು ಸೌಟಿಗೆ ಬರುವ ಬಗೆ

ಪ್ರಶ್ನೆ: ನಮ್ಮ ಅತ್ತೆಯವರ ಕಾಲದಿಂದ ಬಂದ ಹನ್ನೆರಡು ಬೆಳ್ಳಿ ಚಮಚಗಳಿವೆ. ಹಿಡಿಯ ಅಂಚಿನುದ್ದಕ್ಕೂ ದಾರದಂತಹ ಗೆರೆ, ತುದಿಯಲ್ಲಿ ಕಪ್ಪೆಚಿಪ್ಪಿನ ಉಬ್ಬು ಕೆತ್ತನೆ ಇದೆ. ಮಗಳ ಮದುವೆಗೆ ಇವಕ್ಕೆ ಜೋಡಿಯಾಗುವಂತೆ ಅನ್ನದ ಚಮಚ, ಹುಳಿಯ ಸೌಟು, ತುಪ್ಪದ ಚಮಚ ಮಾಡಿಸಬೇಕೆಂದಿದ್ದೇವೆ. ನಗರತ್‌ಪೇಟೆಯ ಕೆಲಸಗಾರರೊಬ್ಬರು ಅದೇ ನಮೂನೆಯನ್ನು ಅಳತೆಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ? (ಮಲ್ಲೇಶ್ವರದ ಓದುಗರು)

ಉತ್ತರ: ಕೆಲಸ ಅವರಿಗೇ ಕೊಡಿ, ಆದರೆ ಆ ವಿಧಾನಕ್ಕೆ ಒಪ್ಪಬೇಡಿ.

ಮೊದಲು ಒಂದು ಚಮಚವನ್ನು ಬೋರಲು ಹಾಕಿ ಹಿಂಬದಿಯ ಮುದ್ರೆಯನ್ನು ನೋಡಿ. ನಡೆಯುವ ಸಿಂಹದ ಗುರುತಿದ್ದರೆ ಅದು ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ, ಅಂದರೆ 1000 ಭಾಗದಲ್ಲಿ 925 ಭಾಗ ಬೆಳ್ಳಿ. ಹೊಸ ಸಾಮಾನನ್ನೂ 925ರ ಬೆಳ್ಳಿಯಲ್ಲೇ ಮಾಡಿಸಿ, ಏಕೆಂದರೆ ಅಪ್ಪಟ ಬೆಳ್ಳಿ ಮೆತುವಾದದ್ದು, ತುಂಬಿದ ಸೌಟಿನ ಭಾರಕ್ಕೆ ಬೇಗ ಬಾಗುತ್ತದೆ. ‘ಇಪಿಎನ್‌ಎಸ್’ ಎಂಬ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಪೇಟೆಂಟ್ ಪಡೆದ ಮೇಲೆ ಹರಡಿದ ವಿಧಾನ ಅದು. ಅಂಥ ಚಮಚವನ್ನು ಮೆರುಗಿನ ಗಾಲಿಗೆ ಒಡ್ಡಲೇಬೇಡಿ, ಲೇಪವೇ ಎದ್ದುಹೋಗುತ್ತದೆ.

ಇನ್ನು ಹಿಗ್ಗಿಸುವ ಮಾತು. ಉದ್ದವನ್ನು ಎರಡು ಪಟ್ಟು ಮಾಡಿದರೆ ಚಿಪ್ಪು ಆಕ್ರಮಿಸುವ ಜಾಗ ನಾಲ್ಕು ಪಟ್ಟಾಗುತ್ತದೆ, ಉಬ್ಬು ಎರಡು ಪಟ್ಟು ಏರುತ್ತದೆ. ಚಮಚದಲ್ಲಿ ಬೆರಳಿಗೆ ಹಿತವಾಗಿದ್ದ ಏರು ಸೌಟಿನಲ್ಲಿ ಅಂಗೈಗೆ ಒತ್ತುತ್ತದೆ, ಚಿಪ್ಪಿನ ಏಣುಗಳ ನಡುವಿನ ತಗ್ಗು ಅಗಲವಾಗಿ ಬೋಳುಬೋಳಾಗಿ ಕಾಣುತ್ತದೆ. ಜೋಡಿಯಾಗುವುದೆಂದರೆ ಒಂದೇ ಚಿತ್ರವನ್ನು ಎಲ್ಲದರ ಮೇಲೂ ಒತ್ತುವುದಲ್ಲ. ಪ್ರತಿಯೊಂದು ಸಾಮಾನಿಗೂ ಆ ಚಿತ್ರವನ್ನು ಮತ್ತೆ ಬರೆಯುವುದು. ಬದಲಾಗದೆ ಉಳಿಯಬೇಕಾದವು ದಾರದ ಗೆರೆಯ ದಪ್ಪ, ಏಣಿನಿಂದ ಏಣಿಗೆ ಇರುವ ಅಂತರ, ಉಬ್ಬಿನ ಎತ್ತರ, ಮತ್ತು ಕೆತ್ತನೆ ಎಲ್ಲಿ ಮುಗಿದು ಬರಿಯ ಲೋಹ ಎಲ್ಲಿ ಶುರುವಾಗುತ್ತದೆ ಎಂಬ ಜಾಗ. ಈ ನಾಲ್ಕೂ ಕೂಡಿಬಂದರೆ ಚಿಪ್ಪಿನ ಗಾತ್ರ ಸ್ವಲ್ಪ ಬೇರೆಯಾದರೂ ಕಣ್ಣು ಅದನ್ನು ಒಂದೇ ಮನೆತನದ್ದೆಂದು ಗುರುತಿಸುತ್ತದೆ.

ನಿಮ್ಮ ಚಮಚದ ಚಿಪ್ಪಿನಲ್ಲಿ ಎಷ್ಟು ಏಣುಗಳಿವೆ ಎಂದು ಎಣಿಸಿ. ಒಂಬತ್ತಿದ್ದರೆ ಸೌಟಿನ ಚಿಪ್ಪಿಗೆ ಹದಿಮೂರು, ತುಪ್ಪದ ಚಮಚಕ್ಕೆ ಐದು ಸಾಕು. ಬೆಸಸಂಖ್ಯೆಯನ್ನು ಬಿಡಬೇಡಿ, ನಡುವೆ ಒಂದು ಏಣು ನೇರವಾಗಿ ನಿಲ್ಲಬೇಕು. ತುಪ್ಪದ ಚಮಚಕ್ಕೆ ಒಂಬತ್ತನ್ನೂ ಕುಗ್ಗಿಸಿ ತುರುಕಿದರೆ ಸಂದುಗಳಲ್ಲಿ ಜಿಡ್ಡು ನಿಂತು ಕಪ್ಪಾಗುತ್ತದೆ, ನಾಲ್ಕು ಹಬ್ಬಕ್ಕೆ ತಿಕ್ಕಿ ತೊಳೆಯುವಷ್ಟರಲ್ಲಿ ಗೆರೆಗಳು ಸವೆದುಹೋಗುತ್ತವೆ. ಸೌಟಿನ ಉಳಿದ ಉದ್ದವನ್ನು ದಾರದ ಗೆರೆಯೇ ತುಂಬಲಿ. ಬಟ್ಟಲಿನ ಒಳಭಾಗ ಸಂಪೂರ್ಣ ನುಣುಪಾಗಿರಬೇಕು. ಹಿಡಿ ಬಟ್ಟಲನ್ನು ಸೇರುವ ಕತ್ತಿನ ಬಳಿಯೂ ಆಳವಾದ ಕೆತ್ತನೆ ಬೇಡ, ಏಕೆಂದರೆ ಬೇಳೆ, ತರಕಾರಿಯ ಭಾರವೆಲ್ಲ ಎಳೆಯುವುದು ಅಲ್ಲಿಯೇ.

ಅಲಂಕಾರ ಯಾವ ಮಗ್ಗುಲಿಗೆ ಬರಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹದಿನೆಂಟನೆಯ ಶತಮಾನದ ಮೊದಲ ಭಾಗದ ಇಂಗ್ಲೆಂಡಿನಲ್ಲಿ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು, ಆದ್ದರಿಂದ ಹ್ಯಾನೊವೇರಿಯನ್ ನಮೂನೆಯ ಚಮಚಗಳಿಗೆ ಕೆತ್ತನೆ ಹಿಂಬದಿಯಲ್ಲಿದೆ. ಅಂಗಾತ ಇಡುವ ರೂಢಿ ಬಂದ ಮೇಲೆ ಅದು ಮುಂಬದಿಗೆ ಬಂತು. ನಮ್ಮ ಪಂಕ್ತಿಯಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಯಾವುದು? ಬಡಿಸುವವರು ಬಾಗಿ ಸೌಟನ್ನು ಎಲೆಯ ಮೇಲೆ ತರುವಾಗ ಉಣ್ಣುವವರಿಗೆ ಕಾಣುವುದು ಬಟ್ಟಲಿನ ಹೊಟ್ಟೆ, ಹಿಡಿಯ ಕೆಳಮೈ. ಹಾಗಾಗಿ ಹುಳಿಯ ಸೌಟಿಗೆ ಎರಡೂ ಮಗ್ಗುಲಲ್ಲಿ ಚಿಪ್ಪು ಇರಲಿ ಎಂಬುದು ನನ್ನ ಅಭಿಪ್ರಾಯ. ಕೂಲಿ ಹೆಚ್ಚಾಗುತ್ತದೆ ನಿಜ. ಬೇಕಾದರೆ ಅನ್ನದ ಚಮಚದ ಹಿಂಬದಿಯನ್ನು ಬರಿದಾಗಿ ಬಿಟ್ಟು ಅಲ್ಲಿ ಉಳಿಸಿ.

ಬೆಳ್ಳಿಗೆ ಕೈಹಾಕುವ ಮುನ್ನ ಮೂರನ್ನೂ ಮೇಣದಲ್ಲಿ ಮಾಡಿಸಿ, ಹಳೆಯ ಚಮಚದ ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ಐದಾರು ಅಡಿ ದೂರ ನಿಂತು ನೋಡಿ.

ಪ್ರಶ್ನೆ: ಪೀಣ್ಯದ ವರ್ಕ್‌ಶಾಪಿನಲ್ಲಿ ಪಾರಿಜಾತದ ಹೂವಿನ ಹಿಡಿಯುಳ್ಳ ಸ್ಟೀಲ್ ಚಮಚ, ಫೋರ್ಕ್, ಸೌಟುಗಳ ಸೆಟ್ ಮಾಡಿಸಿದ್ದೇನೆ. ಪ್ರತಿಯೊಂದಕ್ಕೂ ಬೇರೆ ನೋಂದಣಿ ಬೇಕೇ? ಹೂವಿನ ಎಸಳು ಒಂದು ಹೆಚ್ಚಿಸಿ ಬೇರೆಯವರು ನಕಲು ಮಾಡಿದರೆ ಏನು ಮಾಡಬಹುದು? (ಜಯನಗರದ ಓದುಗರು)

ಉತ್ತರ: ಬೇರೆ ಬೇರೆ ಬೇಕಿಲ್ಲ. 2000ದ ವಿನ್ಯಾಸ ಕಾಯಿದೆಯ ನಿಯಮಗಳ ಪ್ರಕಾರ, ಒಟ್ಟಿಗೆ ಮಾರುವ ಅಥವಾ ಒಟ್ಟಿಗೆ ಬಳಸುವ, ಒಂದೇ ವಿನ್ಯಾಸವನ್ನು ಹೊತ್ತ ಸಾಮಾನುಗಳು ‘ಸೆಟ್’ ಎನಿಸುತ್ತವೆ. ವಿನ್ಯಾಸದ ಸ್ವರೂಪ ಕೆಡದಷ್ಟು ಸಣ್ಣ ಮಾರ್ಪಾಡಿಗೂ ಅದರಲ್ಲಿ ಅವಕಾಶವಿದೆ. ಮೇಲಿನ ಉತ್ತರದಲ್ಲಿ ನಾನು ಹೇಳಿದ್ದಕ್ಕೆ ಕಾನೂನಿನ ಮಾತೂ ಹತ್ತಿರವಾಗಿಯೇ ಇದೆ. ನೋಂದಣಿಯ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು.

ಎಸಳಿನ ವಿಷಯಕ್ಕೆ ಚಮಚಗಳ ಮೇಲೆಯೇ ನಡೆದ ಒಂದು ಹಳೆಯ ಮೊಕದ್ದಮೆಯಿದೆ. ಅಮೆರಿಕದ ಗೊರಾಮ್ ಸಂಸ್ಥೆ 1861ರಲ್ಲಿ ಚಮಚ, ಫೋರ್ಕುಗಳ ಹಿಡಿಯ ‘ಕಾಟೇಜ್’ ವಿನ್ಯಾಸಕ್ಕೆ ಪೇಟೆಂಟ್ ಪಡೆದಿತ್ತು. ವೈಟ್ ಎಂಬವರ ಸಾಮಾನು ಅದರ ನಕಲು ಎಂದು ದಾವೆ ಹೂಡಿತು. ಪರಿಣತರ ಕಣ್ಣಿಗೆ ವ್ಯತ್ಯಾಸಗಳು ಕಾಣುತ್ತಿದ್ದವು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1871ರಲ್ಲಿ, ಕೊಳ್ಳುವ ಸಾಮಾನ್ಯ ಜನ ಅವರು ಎಂದಿನಂತೆ ಕೊಡುವ ಗಮನದಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ಕೊಳ್ಳುವಷ್ಟು ಹೋಲಿಕೆ ಇದ್ದರೆ ಅದು ನಕಲೇ ಎಂದಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ನಮ್ಮ ಕಾಯಿದೆಯೂ ವಿನ್ಯಾಸವನ್ನು ಅಳೆಯುವುದು ಕಣ್ಣಿನಿಂದಲೇ.

ಒಂದು ಎಚ್ಚರಿಕೆ. ಸೆಟ್‌ನ ಚಿತ್ರಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ್ದರೆ ಅಥವಾ ಮಾರಾಟ ಆರಂಭಿಸಿದ್ದರೆ ಆ ವಿನ್ಯಾಸ ಆಗಲೇ ಬಹಿರಂಗವಾಗಿದೆ, ನೋಂದಣಿಗೆ ಬೇಕಾದ ಹೊಸತನ ಅದಕ್ಕೆ ಉಳಿದಿರುವುದಿಲ್ಲ. ಹಾಕಿಲ್ಲದಿದ್ದರೆ ಮೊದಲು ಅರ್ಜಿ ಸಲ್ಲಿಸಿ, ಆಮೇಲೆ ತೋರಿಸಿ. ಅರ್ಜಿಗೆ ಪ್ರತಿ ಸಾಮಾನಿನ ಎಲ್ಲ ಮಗ್ಗುಲುಗಳ ಚಿತ್ರಗಳನ್ನೂ ಲಗತ್ತಿಸಿ, ಹಿಡಿಯ ಹಿಂಬದಿಯನ್ನು ಮರೆಯಬೇಡಿ.