ಕ್ಲಾಸಿಗೆ ಎಷ್ಟು ರೂಲ್ಸ್ ಬೇಕು? ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲುಪಾಲು ಶಾಲೆ ಶುರುವಾಗಿ, ಜೊತೆಗೆ ಮಳೇನೂ ಶುರುವಾದ ಮೇಲಿನವು. ಟೀಚರು, ಮನೆಯವರು, ಮಕ್ಕಳು ಎಲ್ಲಾ ಸೇರ್ಕೊಂಡು ಒಂದೇ ವಿಷಯ ಕೇಳಿದ್ದಾರೆ, ಹೈಸ್ಕೂಲ್ ಕ್ಲಾಸಿನ ರೂಲ್ಸು. ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ನಾಲ್ಕು ಪತ್ರ ಮಾತ್ರ ತಗೊಂಡಿದೀನಿ.

ಪ್ರಶ್ನೆ: ನಮಸ್ತೆ ಮೇಡಂ. ಬಿ.ಎಡ್. ಮುಗಿಸಿ ಈ ವರ್ಷ ಥಾಣೆಯ ಒಂದು ಹೈಸ್ಕೂಲಿಗೆ ಸೇರಿದೀನಿ. ಸೈನ್ಸ್ ತಗೋತೀನಿ, 9ನೇ ತರಗತಿಗೆ ಕ್ಲಾಸ್ ಟೀಚರ್ ಕೂಡ ನಾನೇ, ಡಿವಿಷನ್ನಲ್ಲಿ 60 ಮಕ್ಕಳು. ಮೊದಲ ವಾರದ ಗಲಾಟೆ ನೋಡಿ ತಲೆಕೆಟ್ಟು 22 ರೂಲ್ಸ್ ಬರೆದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ. ಎರಡೇ ದಿನಕ್ಕೆ ಯಾರೋ ಚಾರ್ಟಿನ ಮೇಲೆ ನನ್ನ ಚಿತ್ರ ಬರೆದು ಮೀಸೆ ಬಿಡಿಸಿದ್ದಾರೆ. ಸೀನಿಯರ್ಸ್ ಕೇಳಿದ್ರೆ ದೀಪಾವಳಿ ತನಕ ನಗಲೇಬೇಡಿ, ಇಂಟರ್ನಲ್ ಮಾರ್ಕ್ಸ್ ಕಟ್ ಮಾಡ್ತೀನಿ ಅನ್ನಿ, ತಾನಾಗೇ ಸರಿಹೋಗ್ತಾರೆ ಅಂತಾರೆ. ಏನ್ಮಾಡ್ಲಿ?
(ಹೊಸ ಟೀಚರ್, ಥಾಣೆ)

ಉತ್ತರ: ಮೊದಲು ಆ ಮೀಸೆ ಬಿಡಿಸಿದವನನ್ನ ಹುಡುಕಿ ಬೋರ್ಡ್ ಮೇಲೆ ಹೃದಯದ ಡಯಾಗ್ರಮ್ ಬಿಡಿಸೋ ಕೆಲಸ ಕೊಡಿ, ತಮಾಷೆಗೆ ಹೇಳ್ತಿಲ್ಲ.

ಈಗ ಚಾರ್ಟಿನ ಮಾತು. ಗೋಡೆ ಕಡೆ ತಿರುಗಿ ನೋಡದೆ 22ನ್ನೂ ಹೇಳೋಕೆ ನಿಮಗೇ ಆಗುತ್ತಾ? ಆಗಲ್ಲ ತಾನೇ, ಮತ್ತೆ ಮಕ್ಕಳಿಗೆ ಹೇಗೆ ಆಗುತ್ತೆ. ಚಾರ್ಟ್ ಇಳಿಸಿ, ಒಂದೊಂದೇ ರೂಲ್ ಮುಂದೆ ಇಟ್ಕೊಂಡು ಕೇಳ್ಕೊಳ್ಳಿ, ಇದನ್ನ ಯಾರಾದ್ರೂ ಮುರಿದ್ರೆ ನಾನು ಏನ್ಮಾಡ್ತೀನಿ, ಅದನ್ನೇ ಫಸ್ಟ್ ರ‍್ಯಾಂಕ್ ಹುಡುಗಿಗೂ ಮಾಡ್ತೀನಾ, ಗಂಟಲು ಕಟ್ಟಿ ಸುಸ್ತಾಗಿರೋ ದಿನ ಕೊನೇ ಪೀರಿಯಡ್ಡಲ್ಲೂ ಮಾಡ್ತೀನಾ, ಮಾರ್ಚ್ ತನಕ ಮಾಡ್ತೀನಾ? ಇಲ್ಲ ಅಂದ್ರೆ ಆ ರೂಲ್ ಹೊಡೆದು ಹಾಕಿ. ಹೋಂವರ್ಕ್ ತರದಿದ್ರೆ ಹತ್ತು ಸಲ ಬರೀಬೇಕು ಅಂತ ಒಂದು ರೂಲ್ ಇದ್ದೇ ಇರುತ್ತೆ, 60ರಲ್ಲಿ 15 ಮಕ್ಕಳು ತರಲಿಲ್ಲ ಅಂತಿಟ್ಕೊಳ್ಳಿ, 150 ಕಾಪಿ ಯಾರಮ್ಮ ನೋಡ್ತಾರೆ? ನೀವು ನೋಡಲ್ಲ ಅಂತ ಅವರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತೆ, ಅಲ್ಲಿಗೆ ಮಿಕ್ಕ 21 ರೂಲ್ಸೂ ಹೋದ ಹಾಗೆ. ಅದರ ಬದಲು ಯಾಕೆ ತಂದಿಲ್ಲ ಅಂತ ಅವನ ಕೈಲೇ ಡೈರಿಯಲ್ಲಿ ಬರೆಸಿ, ನಾಳೆ ತರ್ತೀನಿ ಅಂತಾನೂ ಬರೆಸಿ, ನಾಳೆ ಮರೀದೆ ಕೇಳಿ. ಇಷ್ಟು ದಿನಾ ಮಾಡೋಕಾಗುತ್ತೆ.

ನೀವು ಸೈನ್ಸ್ ಟೀಚರ್ ಆಗಿರೋದು ಅದೃಷ್ಟ ಅಂತೀನಿ, ಯಾಕಂದ್ರೆ ಲ್ಯಾಬಿದೆ. ಆಸಿಡ್ಡನ್ನ ನೀರಿಗೆ ನಿಧಾನಕ್ಕೆ ಹಾಕಬೇಕು, ನೀರನ್ನ ಆಸಿಡ್ಡಿಗೆ ಹಾಕಿದ್ರೆ ಒಮ್ಮೆಲೇ ಬಿಸಿ ಎದ್ದು ಮುಖಕ್ಕೆ ಸಿಡಿಯುತ್ತೆ ಅಂತ ಒಂದ್ಸಲ ಹೇಳಿದ್ರೆ ಎಂಥಾ ತರಲೆ ಹುಡುಗನೂ ಕೇಳ್ತಾನೆ. ಬರ್ನರ್ ಹತ್ರ ಜಡೆ ಮುಂದೆ ಬಿಡಬೇಡ, ಟೆಸ್ಟ್ ಟ್ಯೂಬ್ ಬಾಯಿ ಯಾರ ಕಡೇಗೂ ತಿರುಗಿಸಬೇಡ, ಏನನ್ನೂ ನಾಲಿಗೆಗೆ ಇಡಬೇಡ, ಇವುಗಳ ಬಗ್ಗೆ ವಾದ ಮಾಡಿದ ಮಕ್ಕಳನ್ನ ನಾನಂತೂ ನೋಡಿಲ್ಲ, ಯಾಕಂದ್ರೆ ಕಾರಣ ಕಣ್ಣೆದುರಿಗೇ ಇದೆ. ಕ್ಲಾಸಲ್ಲೂ ಅಷ್ಟೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಯಾಕೆ ಸುಮ್ನಿರಬೇಕು ಅಂದ್ರೆ, 60 ಜನರ ರೂಮು, ಮೇಲೆ ಫ್ಯಾನ್ ಕಟಕಟ, ಹೊರಗೆ ರಿಕ್ಷಾ ಹಾರ್ನು, ಹಿಂದಿನ ಬೆಂಚಿಗೆ ಒಂದಕ್ಷರ ಕೇಳಲ್ಲ, ಅದಕ್ಕೆ. ಹೀಗೆ ಬಿಡಿಸಿ ಹೇಳಿ, ಅಥವಾ ಅವರನ್ನೇ ಕೇಳಿ, ಅವರೇ ಹೇಳ್ತಾರೆ. ಲ್ಯಾಬಿನದ್ದು ಬಿಟ್ಟು ಕ್ಲಾಸಿಗೆ ನಾಲ್ಕೋ ಐದೋ ಸಾಕು. ಲ್ಯಾಬಲ್ಲಿ ಮಾತ್ರ ಚೌಕಾಸಿ ಬೇಡ, ಮುರಿದವರು ಆ ದಿನ ಪ್ರಯೋಗ ಮುಟ್ಟೋ ಹಾಗಿಲ್ಲ, ನೋಡಿ ಬರ್ಕೊಳ್ಳೋದು ಅಷ್ಟೇ.

ಇನ್ನೊಂದು, ಮಾನಿಟರ್ ಕೈಲಿ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಸೋ ಪದ್ಧತಿ ನಿಮ್ಮಲ್ಲೂ ಇದ್ರೆ ನಿಲ್ಲಿಸಿ. ಅವನ ದೋಸ್ತರ ಹೆಸರು ಬೋರ್ಡಿಗೆ ಬರಲ್ಲ, ಬಂದ್ರೂ ಒಂದು ಶೇಂಗಾ ಚಿಕ್ಕಿಗೆ ಅಳಿಸಿ ಹೋಗುತ್ತೆ, ಕೊನೆಗೆ ಮಾನಿಟರ್ ಜೊತೆ ಡಬ್ಬ ತಿನ್ನೋಕೂ ಯಾರೂ ಕೂರಲ್ಲ. ಗಲಾಟೆ ಆಗೋದು ಬಹುಪಾಲು ಪೀರಿಯಡ್ ಬದಲಾಗೋ ಆ ಐದು ನಿಮಿಷದಲ್ಲೇ, ಅದಕ್ಕೆ ಒಳಗೆ ಬಂದ ತಕ್ಷಣ ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆದು ಆಮೇಲೆ ಹಾಜರಿ ಕರೀರಿ, ಕೈಗೆ ಕೆಲಸ ಸಿಕ್ಕಿದ್ರೆ ಬಾಯಿ ಅರ್ಧ ಮುಚ್ಚುತ್ತೆ. ವಾರಕ್ಕೊಮ್ಮೆ ಬೆಂಚು ಬದಲಿಸಿ. ಬೈಯೋದಿದ್ರೆ ಅವನ ಬೆಂಚಿನ ಹತ್ರ ಹೋಗಿ ಸಣ್ಣ ದನಿಯಲ್ಲಿ ಬೈಯಿರಿ, 9ನೇ ಕ್ಲಾಸಿನ ಹುಡುಗನಿಗೆ ಹುಡುಗಿಯರ ಎದುರು ಮರ್ಯಾದೆ ಹೋಯ್ತು ಅಂದ್ರೆ ಆಮೇಲೆ ಅವನು ನಿಮಗೆ ಸಿಗಲ್ಲ.

ಇಂಟರ್ನಲ್ ಮಾರ್ಕ್ಸ್ ಹೆದರಿಕೆ ಮಾತ್ರ ಖಂಡಿತ ಬೇಡ. ನಮ್ಮ ಮಹಾರಾಷ್ಟ್ರ ಸ್ಟೇಟ್ ಬೋರ್ಡಿನಲ್ಲಿ 80 ಲಿಖಿತ ಪರೀಕ್ಷೆಗೆ, 20 ಇಂಟರ್ನಲ್, ಆ 20 ಅವನು ಮಾಡಿದ ಪ್ರಾಕ್ಟಿಕಲ್ಲು ಹೋಂವರ್ಕಿಗೆ ಸಿಗೋದು, ಬಾಯಿ ಮುಚ್ಕೊಂಡಿದ್ದಕ್ಕಲ್ಲ. ನಗು ಬಂದ್ರೆ ನಕ್ಕುಬಿಡಿ. ಆದ್ರೆ ಸೋಮವಾರ ನೋಟ್‌ಬುಕ್ ವಾಪಸ್ ಕೊಡ್ತೀನಿ ಅಂದ್ರೆ ಸೋಮವಾರ ಕೊಡಿ, ಬೆಲ್ ಆದಾಗ ಕ್ಲಾಸಲ್ಲಿರಿ, ನಿಮ್ಮ ರೂಲ್ಸ್ ನಿಜವೋ ಸುಳ್ಳೋ ಅಂತ ಮಕ್ಕಳು ಅಲ್ಲಿ ನೋಡೋದು.

ಪ್ರಶ್ನೆ: ಮೇಡಂ, ನನ್ನ ಮಗ 9ನೇ ಕ್ಲಾಸು. ನಾವಿರೋದು ಡೊಂಬಿವಲಿ, ಶಾಲೆ ಮುಲುಂಡಿನಲ್ಲಿ. ಮಳೆಗಾಲದಲ್ಲಿ ಲೋಕಲ್ ಟ್ರೈನ್ ಕಥೆ ನಿಮಗೆ ಗೊತ್ತೇ ಇದೆ. ಹತ್ತು ನಿಮಿಷ ಲೇಟಾದ್ರೂ ಮೊದಲ ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸ್ತಾರೆ, ಅದು ದಿನಾ ಗಣಿತದ ಪೀರಿಯಡ್ಡು. ಯೂನಿಟ್ ಟೆಸ್ಟಲ್ಲಿ ಗಣಿತದಲ್ಲೇ ಫೇಲ್. ಕೇಳೋಕೆ ಹೋದ್ರೆ ರೂಲ್ ಅಂದ್ರೆ ರೂಲ್ ಅಂತಾರೆ. ಕಂಪ್ಲೇಂಟ್ ಕೊಡಬಹುದಾ?
(ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ಲೇಟಾಗಿ ಬಂದವರನ್ನ ಕೇಳೋ ಹಕ್ಕು ಶಾಲೆಗಿದೆ, ಅದನ್ನ ಒಪ್ಕೊಂಡೇ ಮಾತು ಶುರು ಮಾಡಿ. ಆದ್ರೆ ಗಣಿತ ತಪ್ಪಿಸಿಕೊಂಡವನಿಗೆ ಇನ್ನಷ್ಟು ಗಣಿತ ತಪ್ಪಿಸೋದು ಯಾವ ಶಿಕ್ಷೆ ಅಂತ ನಂಗೂ ಇವತ್ತಿನವರೆಗೆ ಅರ್ಥ ಆಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯೋ ಹಾಗಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡೋ ಹಾಗಿಲ್ಲ. ಆದ್ರೆ ಆ ಕಾಯಿದೆ 6ರಿಂದ 14 ವರ್ಷದವರಿಗೆ, 8ನೇ ತರಗತಿ ತನಕ. ನಿಮ್ಮ ಮಗ ಅದನ್ನ ದಾಟಿದ್ದಾನೆ, ಹಾಗಾಗಿ ಮೊದಲ ದಿನವೇ ಕಾಯಿದೆ ಹಿಡ್ಕೊಂಡು ಹೋದ್ರೆ ಮಾತು ಕೆಡುತ್ತೆ ಅಷ್ಟೇ.

ಕ್ಲಾಸ್ ಟೀಚರ್ ಹತ್ರ ಹೋಗಿ ಒಂದು ದಾರಿ ನೀವೇ ಹೇಳಿ: ಲೇಟಾದ ದಿನ ರಿಜಿಸ್ಟರಲ್ಲಿ ಸಹಿ ಮಾಡಿ ಸದ್ದಿಲ್ಲದೆ ಹಿಂದಿನ ಬೆಂಚಲ್ಲಿ ಕೂರಲಿ, ತಿಂಗಳಲ್ಲಿ ಇಷ್ಟು ಸಲ ದಾಟಿದ್ರೆ ನಮ್ಮನ್ನ ಕರೆಸಿ. ಆಗಲಿಲ್ಲ ಅಂದ್ರೆ ಸೂಪರ್‌ವೈಸರ್, ಆಮೇಲೆ ಹೆಡ್‌ಮಾಸ್ಟರ್. ಖಾಸಗಿ ಶಾಲೆಯಾದ್ರೆ ಪಾಲಕ-ಶಿಕ್ಷಕ ಸಂಘ ಇರಲೇಬೇಕು, ಮಹಾರಾಷ್ಟ್ರದ 2011ರ ಫೀ ಕಾಯಿದೆಯಲ್ಲೇ ಅದಿದೆ, ಅಲ್ಲಿ ಲಿಖಿತವಾಗಿ ಕೊಡಿ. ಡೊಂಬಿವಲಿ, ಕಲ್ಯಾಣದಿಂದ ಬರೋ ಬೇರೆ ಮಕ್ಕಳ ಮನೆಯವರೂ ಸಹಿ ಹಾಕಿದ್ರೆ ಇನ್ನೂ ಒಳ್ಳೇದು. ಮಗನನ್ನೂ ಒಂದು ಟ್ರೈನ್ ಮುಂಚೆ ಹೊರಡಿಸಿ, ಟ್ರೈನ್ ಲೇಟು ಅನ್ನೋ ಹೆಸರಲ್ಲಿ ಸ್ಟೇಷನ್ ಹೊರಗಿನ ವಡಾಪಾವ್ ಎಷ್ಟು ಸಲ ಲೇಟ್ ಮಾಡಿಸಿರುತ್ತೆ ಅಂತ ಟೀಚರಿಗೂ ಗೊತ್ತಿರುತ್ತೆ. ಎಸ್ಸೆಸ್ಸಿಗೆ, ಅಂದ್ರೆ 10ನೇ ತರಗತಿಯ ಬೋರ್ಡ್ ಪರೀಕ್ಷೆಗೆ, 75 ಪರ್ಸೆಂಟ್ ಹಾಜರಿ ಬೇಕು, ಅದನ್ನೂ ನೆನಪಲ್ಲಿಡಿ.

ಮುಂಬಯಿಯ ನಮ್ಮ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲ್ ಹುಡುಗರೇ ಹೆಚ್ಚಾಗಿ ಓದ್ತಿದ್ದಿದ್ದು, ಬೆಳಗ್ಗಿಂದ ಟೇಬಲ್ ಒರೆಸಿ ಬಂದವರಿಗೆ ಕ್ಲಾಸಲ್ಲಿ ನಿದ್ದೆ ಮಾಡಬಾರದು ಅಂತ ರೂಲ್ ಹಾಕಿದ್ರೆ ಶಾಲೆಯೇ ಖಾಲಿ ಆಗ್ತಿತ್ತು. ದೂರದಿಂದ ಬರೋ ಮಕ್ಕಳಿರೋ ಶಾಲೆ ಲೇಟಿನ ರೂಲ್ ಬರೆಯುವಾಗ ರೈಲ್ವೆ ಟೈಮ್‌ಟೇಬಲ್ಲನ್ನ ಒಂದ್ಸಲ ನೋಡಬೇಕಲ್ವಾ.

ಪ್ರಶ್ನೆ: ನಮಸ್ಕಾರ್ರೀ ಟೀಚರ್. ನಾ ಪುಣೆದಾಗ 9ನೇತ್ತ ಓದಾಕತ್ತೀನಿ, ಇಂಗ್ಲಿಷ್ ಮೀಡಿಯಮ್. ನಾನು ನನ್ನ ಗೆಳತಿ ಸುಟ್ಟಿ (ಬಿಡುವು) ಒಳಗ ಕನ್ನಡ ಮಾತಾಡಿದ್ರ ಹತ್ತು ರೂಪಾಯಿ ಫೈನ್ ಹಾಕ್ತಾರ. ಮರಾಠಿ ಮಾತಾಡಿದ್ರೂ ಫೈನ್. ಇದು ಬರೋಬ್ಬರಿ ಏನ್ರೀ?
(ಒಬ್ಬ ವಿದ್ಯಾರ್ಥಿನಿ, ಪುಣೆ)

ಉತ್ತರ: ಬರೋಬ್ಬರಿ ಅಲ್ಲ ಮಗಳೇ. ಇಂಗ್ಲಿಷ್ ಪೀರಿಯಡ್ಡಲ್ಲಿ ಇಂಗ್ಲಿಷಲ್ಲೇ ಮಾತಾಡಿ ಅಂದ್ರೆ ಸರಿ, ತಪ್ಪಾದ್ರೂ ಆಡಿಬಿಡು, ಆಡದೆ ಬರಲ್ಲ. ಸುಟ್ಟಿಯಲ್ಲಿ, ಗ್ರೌಂಡಲ್ಲಿ ಯಾವ ಭಾಷೆ ಅನ್ನೋದು ನಿಮ್ಮಿಷ್ಟ. ಮರಾಠಿಗೆ ಫೈನ್ ಅಂದಿದ್ದು ಓದಿ ನಗು ಬಂತು, 2020ರ ಕಾಯಿದೆ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ 10ನೇ ತರಗತಿ ತನಕ ಮರಾಠಿ ಕಲಿಸೋದು ಕಡ್ಡಾಯ, ಒಂದು ಪೀರಿಯಡ್ಡಲ್ಲಿ ಮಾತಾಡು ಮಾತಾಡು ಅಂತ ಬೈದು ಮುಂದಿನದರಲ್ಲಿ ಮಾತಾಡಿದ್ದಕ್ಕೆ ದುಡ್ಡು ಕೇಳಿದ ಹಾಗಾಯ್ತು. ಮರಾಠಿ ಮಾತಾಡೋ ಗೆಳತಿಯರನ್ನೂ ಸೇರಿಸ್ಕೊಂಡು ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೀರಿ, ಬೇಕಾದ್ರೆ ಒಳ್ಳೆ ಇಂಗ್ಲಿಷಲ್ಲೇ ಬರೀರಿ. ಆದ್ರೆ ಒಂದು ಮಾತು, ಪಕ್ಕದ ಬೆಂಚಿನವಳ ಬಗ್ಗೆ ಅವಳಿಗೆ ತಿಳೀಬಾರದು ಅಂತ ಕನ್ನಡದಲ್ಲಿ ಪಿಸಪಿಸ ಅಂದು ನಗೋದು ಇದ್ರೆ ಅದನ್ನ ಇವತ್ತೇ ಬಿಡಿ, ಎಷ್ಟೋ ಶಾಲೆಗಳಲ್ಲಿ ಇಂಥ ರೂಲ್ ಹುಟ್ಟೋದೇ ಅಲ್ಲಿಂದ.

ಪ್ರಶ್ನೆ: ಮಗ 10ನೇ ಕ್ಲಾಸು. ಬ್ಯಾಗಲ್ಲಿ ಫೋನ್ ಸಿಕ್ತು ಅಂತ ಎರಡು ಏಟು ಹಾಕಿ, ಪರೀಕ್ಷೆ ಮುಗಿಯೋ ತನಕ ಫೋನ್ ಕೊಡಲ್ಲ ಅಂತಿದ್ದಾರೆ. ತಪ್ಪು ಅವನದ್ದೇ, ಆದ್ರೂ ಕೇಳೋದಾ ಬಿಡೋದಾ?
(ಒಬ್ಬ ತಂದೆ, ವಾಸ್ಕೋ)

ಉತ್ತರ: ಕೇಳಿ, ಆದ್ರೆ ಎರಡನ್ನೂ ಬೇರೆ ಬೇರೆ ಕೇಳಿ. ಏಟಿನ ವಿಷಯದಲ್ಲಿ ಗೋವಾದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, 2003ರ ಗೋವಾ ಮಕ್ಕಳ ಕಾಯಿದೆ ಎಲ್ಲಾ ಶಾಲೆಗಳಲ್ಲೂ ಹೊಡೆಯೋದನ್ನ ನಿಷೇಧಿಸಿದೆ, 10ನೇ ಕ್ಲಾಸು ಅಂತ ವಿನಾಯ್ತಿ ಇಲ್ಲ. ಹೆಡ್‌ಮಾಸ್ಟರಿಗೆ ಕಾಗದದಲ್ಲಿ ಬರೆದು ಕೊಟ್ಟು ಒಂದು ಕಾಪಿಗೆ ಸಹಿ ಹಾಕಿಸ್ಕೊಳ್ಳಿ. ಫೋನ್ ತರಬಾರದು ಅಂತ ಶಾಲೆ ಮೊದಲೇ ಹೇಳಿದ್ರೆ ತಗೊಂಡಿದ್ದು ಸರಿ, ಅದನ್ನ ನೀವೇ ಹೋಗಿ ಬಿಡಿಸ್ಕೊಂಡು ಬರೋದು ನ್ಯಾಯ, ಪರೀಕ್ಷೆ ತನಕ ಇಟ್ಕೊಳ್ಳೋದು ಅತಿಯಾಯ್ತು. ಕೊಡಲ್ಲ ಅಂದ್ರೆ ಯಾವ ಫೋನು, ಯಾವಾಗ ತಗೊಂಡ್ರು ಅಂತ ಬರೆಸ್ಕೊಳ್ಳಿ, ಸಿಮ್ ಅಂತೂ ಅವತ್ತೇ ತೆಗೆಸ್ಕೊಂಡು ಬನ್ನಿ, ನಿಮ್ಮ ಬ್ಯಾಂಕಿನ ಒಟಿಪಿ ಅದೇ ನಂಬರಿಗೆ ಬರ್ತಿರಬಹುದು.