ಎರಡು ಸಲ ಗೆದ್ದರೆ ಸಾಕೇ?

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಹಿಂದೆ ಸತತ ಮೂರು ಸಲ ಒಂದೇ ಮನೆಯವರು ಗೆದ್ದಿದ್ದರು. ಶಾಸಕರಾಗಲಿ, ಕಾರ್ಪೊರೇಟರಾಗಲಿ ಎರಡು ಸಲಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಕರ್ನಾಟಕವೇ ಕಾನೂನು ಮಾಡಬಹುದೇ? ಅದರಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಶಾಸಕರ ವಿಷಯದಲ್ಲಿ ಆಗದು. ಅವರ ಅನರ್ಹತೆಗೆ ಹೊಸ ಕಾರಣ ಸೇರಿಸುವ ಅಧಿಕಾರ ಸಂವಿಧಾನದ 191ನೇ ವಿಧಿಯಂತೆ ಸಂಸತ್ತಿನದು. ಕಾರ್ಪೊರೇಟರುಗಳ ಮಾತು ಬೇರೆ. 243-ವಿ ವಿಧಿ ಆ ಅಧಿಕಾರವನ್ನು ರಾಜ್ಯಕ್ಕೂ ಕೊಟ್ಟಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿಗೆ ನಿಲ್ಲಬಾರದೆಂಬ ಹರಿಯಾಣದ ನಿಯಮವನ್ನು 2003ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಚುನಾವಣೆಗೆ ನಿಲ್ಲುವುದು ಮೂಲಭೂತ ಹಕ್ಕಲ್ಲ ಎಂದಿತ್ತು. ಹಾಗಾಗಿ ಅಂಥ ಕಾನೂನು ಕೋರ್ಟಿನಲ್ಲೂ ನಿಲ್ಲಬಹುದು.

ಪ್ರಯೋಜನ? ಹೊಸಬರಿಗೆ ಟಿಕೆಟ್ ಸಿಗುತ್ತದೆ. ಕಂಟ್ರಾಕ್ಟರುಗಳ ಜೊತೆಗಿನ ಹಳೇ ನಂಟು ಸ್ವಲ್ಪ ಸಡಿಲವಾಗುತ್ತದೆ. ಆದರೆ ಅವಧಿ ತೀರಾ ಮೊಟಕಾದರೆ ಏನಾಗುತ್ತದೆಂದು ಬೆಂಗಳೂರು ಕಣ್ಣಾರೆ ಕಂಡಿದೆ. ಬಿಬಿಎಂಪಿ ಮೇಯರ್ ಅವಧಿ ಒಂದೇ ವರ್ಷವಿತ್ತು. 2015ರ ನಂತರದ ಮೇಯರ್‌ಗಳು ಗೆದ್ದು ಕೂರುತ್ತಿದ್ದುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಅರ್ಧ ವರ್ಷ ಹಿಂದಿನವರ ಬಜೆಟ್ ನಡೆಸಬೇಕು, ತಮ್ಮ ಕಾಲದ ಬಜೆಟ್‌ನ ಟೆಂಡರ್ ಮುಗಿದು ಕೆಲಸ ಹಿಡಿಯುವ ಹೊತ್ತಿಗೆ ಗೌನು ಬಿಚ್ಚಿಡಬೇಕು. ಕಡತದ ಹಿಡಿತವೆಲ್ಲ ಕಮಿಷನರ್, ಎಂಜಿನಿಯರುಗಳ ಕೈಯಲ್ಲೇ. 2020ರ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಅಷ್ಟರಲ್ಲಿ ಕೌನ್ಸಿಲ್ ಅವಧಿಯೇ ಮುಗಿದಿತ್ತು!

ಕ್ಯಾಲಿಫೋರ್ನಿಯಾದ್ದೂ ಇದೇ ಪಾಠ. 1990ರಲ್ಲಿ ಶಾಸಕರೊಬ್ಬರಿಗೆ ಜೀವನಪೂರ್ತಿ ಸೇರಿ ಕೆಳಮನೆಗೆ 6 ವರ್ಷ, ಮೇಲ್ಮನೆಗೆ 8 ವರ್ಷವೆಂದು ಮಿತಿ ಹಾಕಿದವರು, 2012ರಲ್ಲಿ ಒಟ್ಟು 12 ವರ್ಷ, ಬೇಕಾದರೆ ಒಂದೇ ಮನೆಯಲ್ಲಿ ಕಳೆಯಬಹುದು ಎಂದು ತಿದ್ದಿಕೊಂಡರು.

ಕಾನೂನು ಬರೆಯುವಾಗ ಎಡವುವುದು ‘ಅವಧಿ’ ಎಂಬ ಪದದಲ್ಲಿ. ಉಪಚುನಾವಣೆಯಲ್ಲಿ ಗೆದ್ದು ಹತ್ತು ತಿಂಗಳು ಇದ್ದವರದು ಒಂದು ಅವಧಿಯೇ? ಅಮೆರಿಕದ ಸಂವಿಧಾನದ 22ನೇ ತಿದ್ದುಪಡಿ (1951) ಇದನ್ನು ಬಿಡಿಸಿ ಹೇಳಿದೆ: ಇನ್ನೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅಧ್ಯಕ್ಷರಾಗಿದ್ದವರು ಆಮೇಲೆ ಒಮ್ಮೆ ಮಾತ್ರ ಆಯ್ಕೆಯಾಗಬಹುದು. ವಾರ್ಡ್ ಬದಲಿಸಿ ನಿಂತರೆ ಲೆಕ್ಕ ಮೊದಲಿನಿಂದಲೇ? ಜೀವನಪೂರ್ತಿ ನಿಷೇಧವೇ, ಸತತ ಎರಡು ಅವಧಿಯ ಮೇಲೆ ಐದು ವರ್ಷ ವಿರಾಮವೇ? ನನ್ನ ಮತ ವಿರಾಮಕ್ಕೆ. ಕೆಲಸ ಬಲ್ಲವರು ಮರಳಿ ಬರಲು ದಾರಿ ಇರಲಿ.

ಇಷ್ಟಾದರೂ ನಿಮ್ಮ ವಾರ್ಡಿನ ಮನೆತನಕ್ಕೆ ಬಿಸಿ ತಟ್ಟುವುದು ಅನುಮಾನ. ನಿಷೇಧ ವ್ಯಕ್ತಿಗೇ ಹೊರತು ಮನೆಗಲ್ಲ. ವಾರ್ಡ್ ಮಹಿಳಾ ಮೀಸಲಾದಾಗ ಹೆಂಡತಿಯನ್ನು ನಿಲ್ಲಿಸಿ, ಅಧಿಕಾರ ತಾವೇ ನಡೆಸುವ ಗಂಡಂದಿರನ್ನು ನೋಡಿದ್ದೀರಲ್ಲ?