ಮೈನಸ್ 196 ಡಿಗ್ರಿ ಚಳಿಯಲ್ಲಿ ಪ್ರೊಸೆಸರ್

ಪ್ರಶ್ನೆ: ಲಿಕ್ವಿಡ್ ನೈಟ್ರೋಜನ್ ಸುರಿದು ಪ್ರೊಸೆಸರನ್ನು 9 ಗಿಗಾಹರ್ಟ್ಸ್‌ವರೆಗೆ ಓಡಿಸುವ ವಿಡಿಯೊ ನೋಡಿದೆ. ನನ್ನದು 5 ದಾಟಿದರೆ ಬಿಸಿಯಾಗಿ ನಿಂತುಬಿಡುತ್ತದೆ. ಅಷ್ಟು ತಣ್ಣಗೆ ಮಾಡಿದರೆ ಪ್ರೊಸೆಸರ್ ತಾನಾಗಿಯೇ ವೇಗವಾಗುತ್ತದೆಯೇ? ಮನೆಯ ಫ್ರಿಜ್ ಒಳಗೆ ಕಂಪ್ಯೂಟರ್ ಇಟ್ಟು ಸಣ್ಣ ಮಟ್ಟದಲ್ಲಿ ಇದನ್ನೇ ಮಾಡಬಹುದೇ?

ಉತ್ತರ: ಫ್ರಿಜ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಫ್ರಿಜ್ ಇರುವುದು ಒಳಗಿಟ್ಟ ವಸ್ತುವನ್ನು ನಿಧಾನಕ್ಕೆ ತಣ್ಣಗೆ ಮಾಡಿ ಹಾಗೇ ಇಟ್ಟುಕೊಳ್ಳುವುದಕ್ಕೆ. ಗೇಮ್ ಆಡುವಾಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 400–500 ವ್ಯಾಟ್ ಬಿಸಿ ಕಾರುವುದುಂಟು. ಅಂದರೆ ನೀವು ಫ್ರಿಜ್ ಒಳಗೆ ಸಣ್ಣದೊಂದು ಹೀಟರ್ ಹಚ್ಚಿಟ್ಟ ಹಾಗೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಆದರೂ ಒಳಗೆ ಕಾವು ಏರುತ್ತಲೇ ಹೋಗುತ್ತದೆ. ಸಾಲದ್ದಕ್ಕೆ ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವ ಒಳಗೆ ನುಗ್ಗಿ ಬೋರ್ಡ್ ಮೇಲೆ ಕೂರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚಳಿ ಸುಮ್ನೆ ವೇಗ ಕೊಡುವುದಿಲ್ಲ. ನೈಟ್ರೋಜನ್ ಸುರಿದು ಬೇರೇನೂ ಬದಲಿಸದಿದ್ದರೆ ಪ್ರೊಸೆಸರ್ ಮೊದಲಿನ ವೇಗದಲ್ಲೇ ತಣ್ಣಗೆ ಓಡುತ್ತಿರುತ್ತದೆ, ಅಷ್ಟೇ. ವೇಗಕ್ಕೆ ಬೇಕಾದ್ದು ವೋಲ್ಟೇಜ್. ಜಾಸ್ತಿ ವೋಲ್ಟೇಜ್ ಕೊಟ್ಟರೂ ಚಿಪ್ ಉಳಿಯುವ ಹಾಗೆ ನೋಡಿಕೊಳ್ಳುವುದು ಚಳಿಯ ಕೆಲಸ.

9 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 900 ಕೋಟಿ ಬಡಿತದಲ್ಲಿ, ಪ್ರೊಸೆಸರ್ ಒಳಗಿನ ಗಡಿಯಾರದ ಒಂದು ಬಡಿತಕ್ಕೆ ಸಿಗುವ ಸಮಯ ಸುಮಾರು 0.11 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಮೂರು ಸೆಂಟಿಮೀಟರ್ ಚಿಲ್ಲರೆ ದೂರ ಮಾತ್ರ ಹೋಗುತ್ತದೆ. ಚಿಪ್‌ನೊಳಗೆ ಒಂದರ ಹಿಂದೆ ಒಂದು ಟ್ರಾನ್ಸಿಸ್ಟರ್, ಅಂದರೆ ಪುಟಾಣಿ ಸ್ವಿಚ್, ಆನ್-ಆಫ್ ಆಗಿ, ಉತ್ತರ ಮುಂದಿನ ಬಡಿತದೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ಲೆಕ್ಕ ತಪ್ಪಿ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ. ಟ್ರಾನ್ಸಿಸ್ಟರ್ ಬೇಗ ಬೇಗ ಬದಲಾಗಲಿ ಎಂದು ವೋಲ್ಟೇಜ್ ಏರಿಸುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ. ಬಿಸಿಯು ವೇಗಕ್ಕೆ ತಕ್ಕಂತೆ, ಅದರ ಮೇಲೆ ವೋಲ್ಟೇಜ್‌ನ ವರ್ಗಕ್ಕೂ ತಕ್ಕಂತೆ ಏರುತ್ತದೆ. 5 ಗಿಗಾಹರ್ಟ್ಸ್, 1.3 ವೋಲ್ಟ್‌ನಲ್ಲಿದ್ದ ಚಿಪ್ಪನ್ನು 8 ಗಿಗಾಹರ್ಟ್ಸ್, 1.8 ವೋಲ್ಟ್‌ಗೆ ಏರಿಸಿದೆವು ಅನ್ನಿ. ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಬಿಸಿ ಮೂರು ಪಟ್ಟು! ಇದರ ಜೊತೆಗೆ ಸೋರಿಕೆ ಬೇರೆ. ಆಫ್ ಆಗಿರಬೇಕಾದ ಟ್ರಾನ್ಸಿಸ್ಟರ್‌ನಲ್ಲೂ ಒಂದಿಷ್ಟು ಕರೆಂಟ್ ಸೋರುತ್ತಿರುತ್ತದೆ. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ, ಸೋರಿದಷ್ಟೂ ಬಿಸಿ ಜಾಸ್ತಿ.

ಈ ಸುಳಿಯಿಂದ ಚಿಪ್ಪನ್ನು ಹೊರಗೆಳೆಯುವುದು ಚಳಿ. ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ, ಒಳಗಿನ ತಾಮ್ರದ ತಂತಿಗಳ ರೋಧ ಇಳಿಯುತ್ತದೆ. ಹಾಗಾಗಿ ಮಾಮೂಲಿ ಫ್ಯಾನ್ ಕೆಳಗೆ ಕೊಡಲು ಎದೆ ನಡುಗುವಂಥ ವೋಲ್ಟೇಜನ್ನು ಇಲ್ಲಿ ಕೊಡಬಹುದು.

ಕೆಲಸ ನಡೆಯುವ ರೀತಿ ಹತ್ತಿರದಿಂದ ನೋಡಲು ಚಂದ. ಪ್ರೊಸೆಸರ್ ಮೇಲೆ ಫ್ಯಾನ್ ಬದಲು ದಪ್ಪ ತಳದ ತಾಮ್ರದ ಕೊಳವೆ ಕೂರಿಸುತ್ತಾರೆ. ಇದಕ್ಕೆ ಪಾಟ್ ಎನ್ನುತ್ತಾರೆ. ಫ್ಲಾಸ್ಕ್‌ನಿಂದ ಅದರೊಳಗೆ ಸ್ವಲ್ಪ ಸ್ವಲ್ಪವೇ ನೈಟ್ರೋಜನ್ ಸುರಿಯಬೇಕು. ಕಾದ ಹೆಂಚಿನ ಮೇಲೆ ನೀರಿನ ಹನಿ ಕುಣಿಯುವುದನ್ನು ನೋಡಿದ್ದೀರಲ್ಲ, ಇಲ್ಲಿ ಆಗುವುದೂ ಅದೇ. ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವಕ್ಕೆ ಕೋಣೆಯ ಬಿಸಿಯಲ್ಲಿರುವ ತಾಮ್ರವೇ ಕಾದ ಹೆಂಚು. ಮೊದಮೊದಲು ಆವಿಯ ಪದರ ನಡುವೆ ನಿಂತು ದ್ರವ ತಾಮ್ರವನ್ನು ಮುಟ್ಟುವುದೇ ಇಲ್ಲ. ತಾಮ್ರ ಸಾಕಷ್ಟು ತಣ್ಣಗಾದ ಮೇಲೆ ಆ ಪದರ ಒಡೆದು ಜೋರಾಗಿ ಕುದಿ ಬರುತ್ತದೆ, ಮೀಟರ್‌ನ ಅಂಕಿ ದಡದಡ ಇಳಿಯುತ್ತದೆ. ಹೊಸಬರ ಕೈ ತಪ್ಪುವುದು ಇಲ್ಲೇ. ಕೆಲವು ಚಿಪ್‌ಗಳು ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಕೆಲಸವನ್ನೇ ನಿಲ್ಲಿಸುತ್ತವೆ. ಇದಕ್ಕೆ ಕೋಲ್ಡ್ ಬಗ್ ಎಂದು ಹೆಸರು. ಆಗ ಪಾಟ್‌ಗೆ ಗ್ಯಾಸ್ ಟಾರ್ಚ್ ಹಿಡಿದು ಬಿಸಿ ಮಾಡಬೇಕು! ತಣ್ಣಗೆ ಮಾಡಲು ಒಂದು ಕೈ, ಬಿಸಿ ಮಾಡಲು ಇನ್ನೊಂದು ಕೈ.

ಖರ್ಚಿನ ಲೆಕ್ಕವೂ ಸ್ವಾರಸ್ಯವಾಗಿದೆ. ಒಂದು ಲೀಟರ್ ಲಿಕ್ವಿಡ್ ನೈಟ್ರೋಜನ್ ಪೂರ್ತಿ ಆವಿಯಾಗಲು ಹೀರುವ ಶಾಖ ಸುಮಾರು 160 ಕಿಲೊಜೂಲ್. 300 ವ್ಯಾಟ್ ಕಾರುವ ಪ್ರೊಸೆಸರ್ ಅದನ್ನು ಒಂಬತ್ತು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ಪಾಟನ್ನು ಮೊದಲು ತಣಿಸಲು ಹೋಗುವುದು, ಗಾಳಿಗೆ ಹಾರಿಹೋಗುವುದು ಬೇರೆ. ದಿನವಿಡೀ ಓಡಿಸುವ ಮಾತೇ ಇಲ್ಲ.

ವಿಡಿಯೊದಲ್ಲಿ ನೀವು ನೋಡಿದ್ದೂ ದಿನವಿಡೀ ಓಡುವ ಕಂಪ್ಯೂಟರ್ ಅಲ್ಲ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್-8150 ಚಿಪ್ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನಿಸ್ ದಾಖಲೆ ಸೇರಿತು. 2022ರ ಕೊನೆಯಲ್ಲಿ ಇಂಟೆಲ್‌ನ ಕೋರ್ ಐ9-13900ಕೆ ಮೊದಲ ಸಲ 9 ಗಿಗಾಹರ್ಟ್ಸ್ ದಾಟಿತು. ಅದಕ್ಕೆ ಬಳಸಿದ್ದು ನೈಟ್ರೋಜನ್ ಅಲ್ಲ, ಮೈನಸ್ 269ರಲ್ಲಿ ಕುದಿಯುವ ಲಿಕ್ವಿಡ್ ಹೀಲಿಯಂ. ಇಂಥ ದಾಖಲೆಗೆ ಆ ವೇಗ ಕೆಲವು ಕ್ಷಣ ನಿಂತು, ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಅದನ್ನು ಬರೆದುಕೊಂಡರೆ ಸಾಕು. ಸಾಮಾನ್ಯವಾಗಿ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳಲ್ಲಿ ಹೆಚ್ಚಿನವನ್ನು ಆಫ್ ಮಾಡಿರುತ್ತಾರೆ. ಅದರಲ್ಲಿ ಗೇಮ್ ಆಡಲು ಹೋದರೆ ಆ ಕ್ಷಣವೇ ಮಕಾಡೆ. ಇದನ್ನು ಮೋಸ ಎನ್ನಲಾರೆ. ನೂರು ಮೀಟರ್ ಓಟಗಾರನಿಗೆ ಮ್ಯಾರಥಾನ್ ಯಾಕೆ ಓಡಲಿಲ್ಲ ಎಂದು ಕೇಳುತ್ತೇವಾ?

ಪ್ರಶ್ನೆ: ಇಷ್ಟು ಚಳಿಯಲ್ಲಿ ಚಿಪ್ ಬಿರುಕು ಬಿಟ್ಟು ಹಾಳಾಗಲ್ವಾ?

ಉತ್ತರ: ಬರೀ ಚಳಿಯಿಂದ ಚಿಪ್ ಸಾಯುವುದು ಅಪರೂಪ. ಬಿರುಕು ಬಿಡುವುದು ಥರ್ಮಲ್ ಪೇಸ್ಟ್, ಅಂದರೆ ಬಿಸಿ ದಾಟಲಿ ಎಂದು ಚಿಪ್ ಮತ್ತು ಪಾಟ್ ನಡುವೆ ಹಚ್ಚುವ ಲೇಪ. ಹಾಗಾದಾಗ ಪಾಟ್ ಮೈನಸ್ 180 ತೋರಿಸುತ್ತಿದ್ದರೂ ಚಿಪ್ ಒಳಗೊಳಗೇ ಬಿಸಿಯಾಗುತ್ತದೆ. ಎಲ್ಲ ಬಿಚ್ಚಿ ಹೊಸ ಪೇಸ್ಟ್ ಹಚ್ಚದೆ ಬೇರೆ ದಾರಿಯಿಲ್ಲ.

ನಿಜವಾದ ಶತ್ರು ನೀರು. ಪಾಟ್ ಸುತ್ತಲಿನ ಗಾಳಿಯಲ್ಲಿರುವ ತೇವವೆಲ್ಲ ಮಂಜಾಗಿ ಬೋರ್ಡ್ ಮೇಲೆ ಕೂರುತ್ತದೆ. ಅದಕ್ಕೇ ಪ್ರೊಸೆಸರ್ ಕೂರುವ ಸಾಕೆಟ್ ಸುತ್ತ ವ್ಯಾಸಲೀನ್ ಮೆತ್ತುತ್ತಾರೆ, ಫೋಮ್ ಅಂಟಿಸುತ್ತಾರೆ, ಪಾಟ್‌ಗೆ ಪೇಪರ್ ಟವಲ್ ಸುತ್ತುತ್ತಾರೆ. ನಾನು ಮೊದಲ ಸಲ ಮಾಡಿದಾಗ ಬೋರ್ಡ್‌ನ ಮುಂಬದಿಗೆ ಧಾರಾಳವಾಗಿ ಮೆತ್ತಿ ಹಿಂಬದಿ ಮರೆತಿದ್ದೆ. ಮೂರು ಗಂಟೆ ಎಲ್ಲ ಸುಸೂತ್ರ. ಖುಷಿಯಲ್ಲಿ ಲೈಟ್ ಆರಿಸಿ ಮಲಗಿದೆ. ಬೆಳಿಗ್ಗೆ ಎದ್ದು ಬಟನ್ ಒತ್ತಿದರೆ ಬೋರ್ಡ್ ಪಿಟಿಕ್ ಅನ್ನಲಿಲ್ಲ. ತಿರುಗಿಸಿ ನೋಡಿದರೆ ಸಾಕೆಟ್‌ನ ಹಿಂದೆ ನೀರಿನ ಗೆರೆ ಒಣಗಿತ್ತು. ಮಂಜು ಗಟ್ಟಿಯಾಗಿದ್ದಷ್ಟು ಹೊತ್ತು ಅಷ್ಟಾಗಿ ಕಾಡುವುದಿಲ್ಲ. ಕರಗಲು ಶುರುವಾದ ಮೇಲೆ ಅಪಾಯ. ಈಗ ಕೆಲಸ ಮುಗಿದ ಕೂಡಲೇ ಪವರ್ ಕೇಬಲ್ ಕಿತ್ತು, ಹೇರ್ ಡ್ರೈಯರ್ ಹಿಡಿದು ಕೂರುತ್ತೇನೆ.

ಪ್ರಶ್ನೆ: ನೈಟ್ರೋಜನ್ ಬದಲು ಡ್ರೈ ಐಸ್ ಬಳಸಿದರೆ ಅಪಾಯ ಕಮ್ಮಿ ಅಲ್ವಾ?

ಉತ್ತರ: ಸ್ವಲ್ಪ ಕಮ್ಮಿ, ಪೂರ್ತಿ ಅಲ್ಲ. ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಲಿಯುವವರಿಗೆ ಅಷ್ಟು ಸಾಕು, ಕೋಲ್ಡ್ ಬಗ್ ಕಾಟವೂ ಕಮ್ಮಿ. ಆದರೆ ಅದು ಗಟ್ಟಿ ತುಂಡು. ತಾಮ್ರಕ್ಕೆ ಸರಿಯಾಗಿ ಅಂಟಿಕೊಳ್ಳಲಿ ಎಂದು ಅಸಿಟೋನ್ ಬೆರೆಸುವವರಿದ್ದಾರೆ. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಟಾರ್ಚ್ ಹತ್ತಿರ ಸುಳಿಯಬಾರದು.

ನೈಟ್ರೋಜನ್‌ನ ಅಪಾಯ ಕೈ ಸುಡುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ನನಗೆ ಅದಕ್ಕಿಂತ ಭಯ ಉಸಿರಿನದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ಉಸಿರು ಕಟ್ಟಿದ ಅನುಭವವೇ ಆಗುವುದಿಲ್ಲ. ನಮ್ಮ ದೇಹಕ್ಕೆ ಆ ಸಂಕಟ ಗೊತ್ತಾಗುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಇಲ್ಲಿ ಅದು ಏರುವುದಿಲ್ಲ. ನೇರವಾಗಿ ಪ್ರಜ್ಞೆ ತಪ್ಪುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಬ್ಬರೇ ಇದ್ದಾಗ ಖಂಡಿತ ಬೇಡ. ಬಿಗಿ ಮುಚ್ಚಳದ ಬಾಟಲಿಗೆ ತುಂಬಿದರೆ ಅದು ಸಿಡಿಯುತ್ತದೆ, ಡ್ರೈ ಐಸ್ ಕೂಡ ಅಷ್ಟೇ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಪಾಟನ್ನು ಹಾಗೇ ಬಿಟ್ಟರೆ ತಾನಾಗಿ ಬಿಸಿಯಾಗುತ್ತದೆ. ಆಗ ಕಂಪ್ಯೂಟರ್ ಆನ್ ಇದ್ದರೆ ತೊಂದರೆಯೇ?

ಉತ್ತರ: ದೊಡ್ಡ ತೊಂದರೆ. ಮೈನಸ್ 150ರಲ್ಲಿ 1.8 ವೋಲ್ಟ್ ತಡೆದುಕೊಂಡ ಚಿಪ್ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಸುಟ್ಟುಹೋಗಬಹುದು. ಮೊದಲು ವೇಗ ಇಳಿಸಿ, ಆಮೇಲೆ ವೋಲ್ಟೇಜ್ ಇಳಿಸಿ, ಆಫ್ ಮಾಡಿ. ಅಲ್ಲಿಯವರೆಗೂ ಫ್ಲಾಸ್ಕ್‌ನಲ್ಲಿ ಒಂದು ಲೋಟದಷ್ಟಾದರೂ ನೈಟ್ರೋಜನ್ ಉಳಿಸಿಕೊಂಡಿರಿ.